ಮುಂದಿನ ಎಡ ಹೆಗಲು

“ಇವತ್ತು ಅವನ ಸುಳ್ಳು ಬಯಲಾಗುತ್ತೆ, ಕೂತ್ಕೊಂಡು ನೋಡು,” ಎಂದು ಮೈಲ್ಸ್ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡ.

“ಸತ್ತವನ ಸುಳ್ಳು ಹಿಡಿದು ಏನು ಮಾಡ್ತೀಯ ಮಾರಾಯ?” ಎಂದಳು ಹೆಂಡತಿ ಡಿಂಫ್ನಾ, ಚಹಾ ಅವನ ಕೈಗಿಡುತ್ತ.

ಸತ್ತವನು ಫೆಲಿಮ್, ಮೈಲ್ಸನ ತಮ್ಮ. ಡಬ್ಲಿನ್ನಿನ ಮನೆಯಲ್ಲಿ ಅವನ ಶವಪೆಟ್ಟಿಗೆಯನ್ನು ಕಡೇ ದರ್ಶನಕ್ಕೆ ತೆರೆದಿಟ್ಟಿದ್ದರು. ಮರುದಿನ ಬೆಳಿಗ್ಗೆ ವಿಕ್ಲೋ ಬೆಟ್ಟದ ಮೇಲಿನ ಈ ಊರಿಗೇ ತಂದು ಅಪ್ಪನ ಪಕ್ಕ ಮಣ್ಣು ಮಾಡುವವರಿದ್ದರು. ಮಧ್ಯಾಹ್ನ ಫೆಲಿಮನ ಮಗಳು ಈಮರ್ ಫೋನ್ ಮಾಡಿದ್ದಳು. “ದೊಡ್ಡಪ್ಪಾ, ಪೆಟ್ಟಿಗೆ ಹೊರೋಕೆ ಮುಂದಿನ ಎಡ ಹೆಗಲಿನ ಜಾಗ ನಿಮಗೇ ಬಿಟ್ಟಿದೀವಿ. ಬರ್ತೀರಲ್ಲ?” ಮೈಲ್ಸ್ “ನೋಡೋಣ” ಎಂದು ಫೋನ್ ಇಟ್ಟ. ಇಟ್ಟವನೇ, “ನಮ್ಮ ಮೇಲಿನ ಹೊಲದ ಮೇಲೆ ಕಣ್ಣು ಬಿದ್ದಿರಬೇಕು ಇವಳಿಗೆ” ಎಂದ. ತನ್ನ ನೆರಳು ಹಿಂದೆ ಬಂದರೂ ಯಾಕೆ ಬಂತೆಂದು ತಿರುಗಿ ನೋಡುವ ಜಾತಿ ಅವನದು.

ಅಪ್ಪನನ್ನು ಮಣ್ಣು ಮಾಡಿದ ದಿನ ಆ ಮುಂದಿನ ಎಡ ಹೆಗಲು ಫೆಲಿಮನದಾಗಬೇಕಿತ್ತು. ಎಂಬತ್ತೆರಡರ ಜನವರಿ, ಬೇಲಿ ಮುಚ್ಚುವಷ್ಟು ಹಿಮ. ಫೆಲಿಮ್ ಬರಲಿಲ್ಲ. ಅವನ ಜಾಗದಲ್ಲಿ ಗಿಡ್ಡ ಅಂಚೆಯವ ಹೆಗಲು ಕೊಟ್ಟ; ಅಪ್ಪ ಚರ್ಚಿನಿಂದ ಗುಂಡಿಯ ತನಕ ಒಂದು ಕಡೆಗೆ ವಾಲಿಕೊಂಡೇ ಹೋದ. ಅಪ್ಪ ತೀರಿ ತಿಂಗಳಾದಾಗಿನ ಪ್ರಾರ್ಥನೆಗೆ ಬಂದ ಫೆಲಿಮ್, “ಡಬ್ಲಿನ್ನಿಂದ ಬ್ರೇ ಊರು ದಾಟಿ ನಡ್ಕೊಂಡೇ ಬಂದೆ ಅಣ್ಣ, ಪೊಲೀಸಿನವನು ತಡೆದು ವಾಪಸ್ ಕಳಿಸ್ದ” ಎಂದಾಗ ಮೈಲ್ಸ್ ನಂಬಲಿಲ್ಲ. ಅಂದು ರಸ್ತೆ ತೆರೆದಿತ್ತೆಂದು ಯಾರೋ ಅವನ ಕಿವಿಗೆ ಹಾಕಿದ್ದರು. ಚರ್ಚಿನ ಬಾಗಿಲಲ್ಲಿ, ಊರವರೆಲ್ಲರ ಎದುರು, “ಸುಳ್ಳುಬುರುಕ” ಎಂದುಬಿಟ್ಟ. ಅಣ್ಣತಮ್ಮಂದಿರ ಮಾತು ಅಲ್ಲಿಗೆ ನಿಂತದ್ದು ಮತ್ತೆ ಹತ್ತಲೇ ಇಲ್ಲ.

ಈಗ ಟೀವಿಯವರು ಎಂಬತ್ತರ ದಶಕದ ಹಳೆಯ ಸುದ್ದಿಗಳನ್ನೆಲ್ಲ ಹೊರತೆಗೆದು, ವಾರಕ್ಕೊಂದು ವರ್ಷದಂತೆ ತೋರಿಸುತ್ತಿದ್ದರು. ಎಂಬತ್ತೆರಡರ ಕಂತನ್ನು ಮೈಲ್ಸ್ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದ. ಅಂದು ಆ ಸುದ್ದಿಯನ್ನು ಈ ಊರಲ್ಲಿ ಯಾರೂ ನೋಡಿರಲಿಲ್ಲ. ಕಂಬಗಳು ಬಿದ್ದು ಎಂಟು ದಿನ ಕರೆಂಟೇ ಇರಲಿಲ್ಲ. ರಸ್ತೆ ತೆರೆದಿತ್ತೆಂದು ಟೀವಿಯೇ ಹೇಳಿಬಿಟ್ಟರೆ ನಾಳೆ ನೆಮ್ಮದಿಯಾಗಿ ಮನೆಯಲ್ಲೇ ಕೂರಬಹುದು.

ಟೀವಿಯಲ್ಲಿ ಆ ವರ್ಷ ಶುರುವಾದದ್ದೇ ಹಿಮದಿಂದ. ಬ್ರೆಡ್ಡಿಗೆ ಸಾಲು ನಿಂತ ಹೆಂಗಸರು, ಹೆಲಿಕಾಪ್ಟರಿನಿಂದ ಕುರಿಗಳಿಗೆ ಹುಲ್ಲು ಎಸೆಯುವವರು. ಆಮೇಲೆ ಬ್ರೇ ಊರಾಚೆಯ ರಸ್ತೆ. ಪರದೆಯ ಮೂಲೆಯಲ್ಲಿದ್ದ ತಾರೀಖು ಅಪ್ಪನನ್ನು ಮಣ್ಣು ಮಾಡಿದ ದಿನದ್ದೇ. ತುಪ್ಪಳದ ಟೋಪಿಯ ವರದಿಗಾರ, ಬೆಳಗಿನಿಂದ ರಸ್ತೆಯ ಒಂದು ಬದಿ ತೆರೆದಿದೆ ಎಂದ.

“ಕೇಳಿಸ್ತಾ? ತೆರೆದಿದೆ!” ಮೈಲ್ಸ್ ತೊಡೆ ತಟ್ಟಿದ.

“ಟ್ರ್ಯಾಕ್ಟರಿಗೆ, ಆಂಬುಲೆನ್ಸಿಗೆ ಮಾತ್ರ ಅಂದ. ನಿಂಗೆ ಬೇಕಾದಷ್ಟೇ ಕೇಳಿಸುತ್ತೆ.” ಡಿಂಫ್ನಾ ಮುಂದಕ್ಕೆ ಬಗ್ಗಿದಳು. “ಸ್ವಲ್ಪ ಹಿಂದಕ್ಕೆ ಹಾಕು. ಅವನ ಬೆನ್ನ ಹಿಂದೆ ಯಾರೋ ಬರ್ತಿದಾರೆ.”

ಹಿಂದಕ್ಕೆ ಹಾಕಿದ. ಡಬ್ಲಿನ್ ಕಡೆಯಿಂದ ಒಬ್ಬನೇ ಒಬ್ಬ ನಡೆದು ಬರುತ್ತಿದ್ದ. ಕಪ್ಪು ಟೈ. ಪಟ್ಟಣದ ತೆಳು ಬೂಟು, ಅದರ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಸುತ್ತಿ ದಾರದಿಂದ ಕಟ್ಟಿದ್ದ. ಎಡಗೈ ಕಂಕುಳಲ್ಲಿತ್ತು.

“ಆ ಕೈ ನೋಡು. ಹುಲ್ಲು ಕೊಯ್ಯೋ ಯಂತ್ರಕ್ಕೆ ಎರಡು ಬೆರಳು ಕೊಟ್ಟ ಮೇಲೆ ಚಳಿಗೆ ಹಾಗೇ ಇಟ್ಕೊಳ್ತಿದ್ದ ಫೆಲಿಮ್,” ಎಂದಳು ಡಿಂಫ್ನಾ.

“ಚಳಿಗೆ ಎಲ್ರೂ ಹಾಗೇ ಇಟ್ಕೊಳ್ತಾರೆ. ಯಾವನೋ ಇನ್ಶೂರೆನ್ಸಿನವನಿರ್ಬೇಕು.”

“ಹೌದಪ್ಪಾ, ಇನ್ಶೂರೆನ್ಸ್ ಮಾರೋಕೆ ಹಿಮದಲ್ಲಿ ಬೆಟ್ಟ ಹತ್ತುತ್ತಿದ್ದ! ಕಾಮಾಲೆ ಕಣ್ಣು ಕಣೋ ನಿಂದು.”

ಪೊಲೀಸಿನವನೊಬ್ಬ ಅಡ್ಡ ಬಂದು ಎರಡೂ ಕೈ ಚಾಚಿದ. ನಡೆದು ಬಂದವನು ಏನೋ ಹೇಳಿದ, ಕಂಕುಳಿನ ಕೈ ತೆಗೆದು ಬೆಟ್ಟದ ಕಡೆ ತೋರಿಸಿದ. ಆ ಕೈಯಲ್ಲಿ ಮೂರೇ ಬೆರಳು. ಮೈಲ್ಸ್ ಲೋಟವನ್ನು ನೆಲಕ್ಕಿಟ್ಟ. ಪೊಲೀಸಿನವನು ತಲೆಯಾಡಿಸಿದ. ಫೆಲಿಮ್ ಗಡಿಯಾರ ನೋಡಿಕೊಂಡ. ಟೋಪಿ ತೆಗೆದ, ಬೀಳುವ ಹಿಮದಲ್ಲಿ ಬರಿದಲೆಯಲ್ಲೇ ಬೆಟ್ಟಕ್ಕೆ ಮುಖ ಮಾಡಿ ನಿಂತು, ಎದೆಯ ಮೇಲೆ ಶಿಲುಬೆ ಎಳೆದುಕೊಂಡ. ವರದಿಗಾರ ಮಾತ್ರ ಹಾಲಿನ ಗಾಡಿಗಳ ವಿಷಯ ಹೇಳುತ್ತಲೇ ಇದ್ದ. ಆ ಹೊತ್ತಿಗೆ ಇಲ್ಲಿ ಅಪ್ಪನನ್ನು ಗುಂಡಿಗೆ ಇಳಿಸುತ್ತಿದ್ದರು.

“ನಂಗೆ ಹೇಳ್ಬಹುದಿತ್ತಲ್ಲ ಅವನು,” ಎಂದ ಮೈಲ್ಸ್.

“ಹೇಳಿದ್ನಲ್ಲ. ಚರ್ಚಿನ ಬಾಗಿಲಲ್ಲಿ.”

ನಾಚಿಕೆಯಿಂದ ಹೆಂಡತಿಯ ಮುಖ ನೋಡಲಾಗಲಿಲ್ಲ ಅವನಿಗೆ. ಮತ್ತೆ ಹಿಂದಕ್ಕೆ ಹಾಕಿದ. ತಮ್ಮ ಮತ್ತೆ ಹಿಮ ತುಳಿದುಕೊಂಡು ಬಂದ. ಈ ಸಲ ಪೊಲೀಸಿನವನು ಕೈ ಚಾಚುವ ಮೊದಲೇ ಮೈಲ್ಸ್ ಚಿತ್ರವನ್ನು ನಿಲ್ಲಿಸಿದ. ಆಮೇಲೆ ಗೋಡೆ ಹಿಡಿದು ಎದ್ದು, ಫೋನಿನ ಹತ್ತಿರ ಹೋದ.

“ಈಮರ್, ನಾನು ದೊಡ್ಡಪ್ಪ ಕಣಮ್ಮ. ಬರ್ತೀನಿ. ಆದ್ರೆ ಒಂದು ಮಾತು. ವಯಸ್ಸಾಗಿ ನಾನೂ ಗಿಡ್ಡ ಆಗಿಹೋಗಿದೀನಿ. ನಾನು ಹೆಗಲು ಕೊಟ್ರೆ ನಿಮ್ಮಪ್ಪ ದಾರಿಯುದ್ದಕ್ಕೂ ವಾಲ್ತಾನೆ. ಪರವಾಗಿಲ್ವಾ?”