ಮಾತಾಡಬಾರದ ಹೊತ್ತು

ಏಳನೆಯ ಇನಿಂಗ್ಸ್ ಮುಗಿಸಿ ಬಂದು ಕೂತ ಎಲ್ರಾಯ್ ಪೆಟ್ಟಸ್‌ನನ್ನು ಯಾರೂ ಮಾತಾಡಿಸಲಿಲ್ಲ. ಅವನ ಎಸೆತಕ್ಕೆ ಎದುರಾಳಿಗಳು ಇನ್ನೂ ಒಂದೇ ಒಂದು ಹಿಟ್ ಹೊಡೆದಿರಲಿಲ್ಲ. ಉಳಿದ ಎರಡು ಇನಿಂಗ್ಸೂ ಹೀಗೇ ಕಳೆದರೆ ದೊಡ್ಡ ಲೀಗಿನವರ ಕಿವಿಗೂ ಅವನ ಹೆಸರು ಬೀಳುತ್ತದೆ. ಇಂಥ ಹೊತ್ತಿನಲ್ಲಿ ತಂಡದವರು ಎಸೆತಗಾರನ ಜೊತೆ ಮಾತಾಡಿದರೆ ಅದೃಷ್ಟ ಎದ್ದುಹೋಗುತ್ತದೆಂಬುದು ಬೇಸ್‌ಬಾಲ್ ಆಡುವವರೆಲ್ಲರ ನಂಬಿಕೆ.

ಕಷ್ಟವೇನೆಂದರೆ, ಬೇರೆ ದಿನಗಳಲ್ಲೂ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಜಾರ್ಜಿಯಾದ ಆ ಪುಟ್ಟ ಊರಿನ ತಂಡಕ್ಕೆ 1954ರ ವಸಂತದಲ್ಲಿ ಬಂದ ಮೊದಲ ಕರಿಯ ಆಟಗಾರ ಅವನು. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ. ಉಳಿದವರು ಹೋಟೆಲಿನೊಳಗೆ ಉಣ್ಣುವಾಗ ಅವನ ಊಟ ಹಿತ್ತಲ ಬಾಗಿಲಿಂದ ಬರುತ್ತಿತ್ತು. ಮಾತಾಡುತ್ತಿದ್ದವನು ಒಬ್ಬನೇ, ಅವನ ಎಸೆತ ಹಿಡಿಯುವ ಕ್ಯಾಚರ್ ವಾಲ್ಟ್ ವೊಯ್ಚಿಕ್. ಇವತ್ತು ಅವನೂ ಬೆಂಚಿನ ಆ ತುದಿಗೆ ಹೋಗಿ ಮೊಣಕಾಲಿನ ಪಟ್ಟಿ ಬಿಗಿಯುತ್ತಿದ್ದ.

“ಏನಾದ್ರೂ ಮಾತಾಡೋ,” ಎಂದ ಎಲ್ರಾಯ್.

ವಾಲ್ಟ್ ತಲೆ ಅಲ್ಲಾಡಿಸಿ ಬೇಲಿಯ ಕಡೆ ಮುಖ ತಿರುಗಿಸಿದ.

ಎಂಟನೆಯ ಇನಿಂಗ್ಸಿನಲ್ಲಿ ಇಬ್ಬರು ಔಟಾದ ಮೇಲೆ ಎಲ್ರಾಯ್ ಆತುರಪಟ್ಟು ಎಸೆಯತೊಡಗಿದ. ಗ್ಯಾಲರಿಯಿಂದ ಹೊಲಸು ಬೈಗುಳ ಬರುತ್ತಲೇ ಇತ್ತು. ಆ ಮಧ್ಯಾಹ್ನ ಅವನನ್ನುದ್ದೇಶಿಸಿ ಆಡಿದ ಮಾತೆಂದರೆ ಅದೊಂದೇ. ಅವನ ಚೆಂಡು ಮತ್ತೆ ಮತ್ತೆ ಗುರಿ ತಪ್ಪಿತು. ನಿಯಮದಂತೆ ಇಬ್ಬರು ಬ್ಯಾಟ್ ಬೀಸದೆಯೇ ಮೊದಲ ಬೇಸ್‌ಗೆ ನಡೆದರು. ವಾಲ್ಟ್ ಮುಖವಾಡ ತೆಗೆದು ಅವನ ಬಳಿಗೆ ಬಂದ. ಆಮೇಲೆ ಗ್ಲೌಸನ್ನು ಬಾಯಿಗೆ ಅಡ್ಡ ಹಿಡಿದ.

“ನಮ್ಮ ಬಾಡಿಗೆ ಮನೆ ಮುದುಕಿ ಬೆಳಗ್ಗೆ ನನ್ ಕಾಲುಚೀಲದಲ್ಲಿ ಕಾಫಿ ಸೋಸ್ಬಿಟ್ಳು ಕಣೋ.”

“ಒಗೆದಿದ್ದಾ?”

“ಕಾಫಿ ಆದ್ಮೇಲೆ ಒಗೆದ್ಳು.”

ಎಲ್ರಾಯ್‌ಗೆ ನಗು ಬಂತು. ಬೇಸುಗಳ ನಡುವೆ ಕಾವಲು ನಿಂತಿದ್ದ ಇವರದೇ ತಂಡದ ಹಾರ್ಲನ್ ಡೈಕ್ಸ್ ಇದನ್ನು ಕಂಡು ತಲೆ ಚಚ್ಚಿಕೊಂಡ. ಏಪ್ರಿಲ್‌ನಿಂದ ಇವತ್ತಿನವರೆಗೆ ಎಲ್ರಾಯ್ ಕಡೆ ನೆಟ್ಟಗೆ ನೋಡಿಯೂ ಇರದವನು ಅವನು.

ಮುಂದಿನ ಎಸೆತ ಸೊಗಸಾಗಿ ಬಿತ್ತು. ಅದರ ಮರು ಎಸೆತದಲ್ಲಿ ಬೆವರಿದ ಬೆರಳಿನಿಂದ ಚೆಂಡು ಜಾರಿತು. ಬ್ಯಾಟುಗಾರ ಅದನ್ನು ಹಾರ್ಲನ್‌ನ ಬದಿಗೆ ಅಟ್ಟಿದ. ಹಾರ್ಲನ್ ಮೈ ಪೂರ್ತಿ ಚಾಚಿ ಹಾರಿ ಮಣ್ಣಿಗೆ ಬಿದ್ದ. ಚೆಂಡು ಗ್ಲೌಸಿನ ತುದಿ ಸವರಿಕೊಂಡು ಹುಲ್ಲಿಗೆ ಓಡಿತು. ಒಂದು ರನ್ ಬಂತು. ಮುಂದಿನವನು ಔಟಾಗಿ ಆ ಇನಿಂಗ್ಸ್ ಮುಗಿಯಿತು. ಪಂದ್ಯ ಇನ್ನೂ ಇವರ ಕೈಯಲ್ಲೇ ಇತ್ತು, ಆದರೆ ಒಂದೂ ಹಿಟ್ ಕೊಡದೆ ಗೆಲ್ಲುವ ಆ ದೊಡ್ಡ ಗೌರವ ಮಾತ್ರ ಹೋಗಿಯಾಗಿತ್ತು.

ಬೆಂಚಿಗೆ ಬಂದವನೇ ಹಾರ್ಲನ್ ವಾಲ್ಟ್‌ನ ಎದೆಗವಚಕ್ಕೆ ಕೈ ಹಾಕಿದ. ಅವನ ಮೊಣಕೈ ತರಚಿ ರಕ್ತ ಒಸರುತ್ತಿತ್ತು.

“ಬಾಯಿ ಮುಚ್ಕೊಂಡಿರೋಕೆ ಏನ್ ರೋಗ ನಿಂಗೆ? ನಿಮ್ಮೂರಲ್ಲಿ ಇಷ್ಟೂ ಹೇಳ್ಕೊಟ್ಟಿಲ್ವಾ?”

ಎಲ್ರಾಯ್ ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ. ವಾಲ್ಟ್ ಕಣ್ಣಿನಲ್ಲೇ ಅವನನ್ನು ತಡೆದ.

“ತಪ್ಪೆಲ್ಲಾ ನಂದೇ ಮಾರಾಯ. ನಂಗೆ ಬೈದು ಏನ್ ಬಂತು? ಕಳ್ಕೊಂಡಿರೋನು ಅವ್ನು. ಅವ್ನ ಹತ್ರ ಹೇಳು ಹೋಗು.”

ಹಾರ್ಲನ್ ತಿರುಗಿದ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

“ಎಷ್ಟ್ ಚೆನ್ನಾಗಿ ಎಸೀತಿದ್ದೆ,” ಎಂದ ಕೊನೆಗೆ. “ಈ ಬಾಯ್ಬಡುಕನಿಂದ ಹಾಳಾಯ್ತು. ಇಲ್ದಿದ್ರೆ ಅದು ನನ್ ಕೈಗೇ ಬರ್ತಿತ್ತು ಕಣೋ, ಎಲ್ರಾಯ್.”

ಚೆಂಡು ತನ್ನ ಬೆರಳಿನಿಂದಲೇ ಜಾರಿದ್ದೆಂಬ ಮಾತನ್ನು ಎಲ್ರಾಯ್ ಒಂದು ಗುಟುಕು ನೀರಿನ ಜೊತೆ ನುಂಗಿದ.