ಅವ್ವನ ಬಿಸಿ ರೊಟ್ಟಿ

ಜೋಳದ ರೊಟ್ಟಿ ಬೇಯುವ ವಾಸನೆ ಬಂದರೆ ಈಗಲೂ ನನಗೆ ಹೂಲಿಯ ನಮ್ಮ ಅಡುಗೆಮನೆ ನೆನಪಾಗುತ್ತದೆ.

ಒಂದು ದಿನ ಡಾಕ್ಟರಿಕೆ ಓದುವ ಹುಡುಗಿಯೊಬ್ಬಳು ಮನೆಮನೆಯ ಆರೋಗ್ಯ ವಿಚಾರಿಸುತ್ತ ನಮ್ಮಲ್ಲಿಗೂ ಬಂದಿದ್ದಳು. ಅವ್ವ ರೊಟ್ಟಿ ಬಡಿಯುತ್ತಲೇ ಅಜ್ಜಿಯ ಮೊಣಕಾಲು ನೋವು, ಅಪ್ಪನ ಕೆಮ್ಮು, ನನ್ನ ಹೊಟ್ಟೆಹುಳು ಎಲ್ಲ ಹೇಳಿದಳು.

"ಮತ್ತ ನಿಮಗ್ರಿ?"

"ನನಗೇನ ಆಗೇತ್ರಿ? ಗಟ್ಟಿ ಅದೀನ್ರಿ."

ಹುಡುಗಿ ಅವ್ವನ ಕೆಳರೆಪ್ಪೆ ಎಳೆದು ನೋಡಿದಳು. "ರಕ್ತ ಭಾಳ ಕಡಿಮಿ ಐತ್ರಿ. ನೀವು ಊಟ ಯಾವಾಗ ಮಾಡ್ತೀರ್ರಿ?"

"ಎಲ್ಲಾರದೂ ಆದ ಮ್ಯಾಲೆ, ಏನರ ಉಳಿದ್ರ," ಎಂದು ಅವ್ವ ನಕ್ಕಳು.

ಅಜ್ಜಿ ನಗಲಿಲ್ಲ. ಗೋಡೆ ಹಿಡಿದು ಎದ್ದು ಒಲೆಯ ಹತ್ತಿರ ಬಂದಳು.

"ಏಳವಾ, ಗಂಗಾಳ ತಗೊಂಡ ಉಣ್ಣಾಕ ಕುಂದರ. ನಾ ಬಡೀತೇನಿ."

ಮೊದಲ ತುತ್ತಿಗೇ ಅವ್ವನ ನಾಲಿಗೆ ಸುಟ್ಟಿತು. ಬಿಸಿಯದನ್ನು ಉಂಡು ರೂಢಿಯೇ ಇರಲಿಲ್ಲ ಅವಳಿಗೆ.