ಅಣ್ಣ ಬಂದಿದ್ರು

"ಲಾಸ್ಯ ಎಲ್ಲಿ?" ಎಂದು ಈರವ್ವ ಕೇಳಿದಾಗ ರಕ್ಷಾ ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ. "ಅಣ್ಣ ಬಂದಿದ್ರು ಅಕ್ಕ, ಕರ್ಕೊಂಡ್ ಹೋದ್ರು" ಎಂದಳು.

ಮಕ್ಕಳ ಬಟ್ಟೆ ಒಣಹಾಕಿ ತಾರಸಿಯಿಂದ ಆಗತಾನೆ ಇಳಿದು ಬಂದಿದ್ದ ಈರವ್ವ ಕೈಯಲ್ಲಿದ್ದ ಬಕೆಟ್ಟನ್ನು ಅಲ್ಲೇ ಬಿಟ್ಟಳು. ಲಾಸ್ಯ ಮನೆಗೊಬ್ಬಳೇ ಮಗು. ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ದಿನಾ ಸಂಜೆ ಅಜ್ಜಿ ಸೊಣ್ಣಮ್ಮ ಬಂದು ಕರೆದೊಯ್ಯುವುದು ಬಿಟ್ಟರೆ ಆ ಮನೆಯ ಇನ್ನೊಂದು ಮುಖವನ್ನು ಈರವ್ವ ಕಂಡವಳೇ ಅಲ್ಲ. ಯಾವ ಅಣ್ಣ, ಹೆಸರಾದರೂ ಕೇಳಿದೆಯಾ ಅಂದರೆ, ಮಗುವೇ 'ಅಣ್ಣಾ' ಅಂತ ಓಡಿಹೋಯಿತು, ಅದಕ್ಕೇ ಕಳಿಸಿದೆ ಎಂಬ ಉತ್ತರ ಬಂತು.

ಹುಣಸಮಾರನಹಳ್ಳಿಯ ಈ ಬೇಬಿ ಸಿಟ್ಟಿಂಗಿಗೆ ರಕ್ಷಾ ಸೇರಿ ತಿಂಗಳಾಗುತ್ತ ಬಂದಿತ್ತು. ಹುಡುಗಿ ಕೆಟ್ಟವಳೇನಲ್ಲ, ಮೈ ಮಾತ್ರ ಬಗ್ಗದು. ಈ ಮಗುವಿನ ಮೂಗು ಒರೆಸು ಅಂದರೆ ಒರೆಸುತ್ತಾಳೆ. ಪಕ್ಕದಲ್ಲೇ ಇನ್ನೊಂದು ಉಚ್ಚೆ ಹೊಯ್ದುಕೊಂಡು ನಿಂತಿದ್ದರೆ ಅದು ಪಕ್ಕದೂರಿನ ಸಮಾಚಾರ. ಅವಳಿಗೆ ಕೆಲಸ ಕಲಿಸುವ ಹೊಣೆಯನ್ನು ಈರವ್ವನ ತಲೆಗೆ ಕಟ್ಟಿದ್ದ ಮೇಡಂ, ಇಟ್ಟುಕೊಳ್ಳೋಣವೋ ಬೇಡವೋ ಇವತ್ತು ಸಂಜೆ ಹೇಳಿಬಿಡು ಎಂದಿದ್ದರು. ಮಕ್ಕಳಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಮನೆಗೆ ಹೋಗುವವಳು ನೀನೇ ಎಂಬ ಮಾತನ್ನೂ ನಗುನಗುತ್ತಲೇ ಸೇರಿಸಿದ್ದರು. ಬೇಡ ಅಂತಲೇ ಹೇಳುವುದೆಂದು ಈರವ್ವ ಬೆಳಿಗ್ಗೆಯೇ ಗಟ್ಟಿ ಮಾಡಿಕೊಂಡಿದ್ದಳು.

ಈಗ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಸರ್ವಿಸ್ ರೋಡಿನವರೆಗೆ ಓಡಿದಳು. ಸ್ಕೂಟರಿನ ಮುಂದೆ ನಿಂತು ಹೋಗುವ ಮಕ್ಕಳೆಲ್ಲ ಲಾಸ್ಯಳಂತೆಯೇ ಕಂಡವು. ಮೊಬೈಲು ಕೈಯಲ್ಲೇ ಇತ್ತು, ಸೊಣ್ಣಮ್ಮನ ನಂಬರೂ ಇತ್ತು, ಒತ್ತಲು ಬೆರಳು ಬರಲಿಲ್ಲ. ನಿಮ್ಮ ಮೊಮ್ಮಗಳು ಮನೆಗೆ ಬಂದಳಾ ಎಂದು ಕೇಳುವುದೂ ಒಂದೇ, ನಿಮ್ಮ ಮೊಮ್ಮಗಳನ್ನು ಕಳೆದುಬಿಟ್ಟೆ ಎನ್ನುವುದೂ ಒಂದೇ. ಶಿವನೇ, ನಿನ್ನ ಪಾದ ಹಿಡೀತೀನಿ ಎನ್ನುತ್ತ ಕೊನೆಗೆ ಒತ್ತಿದಳು.

"ಬಂದೈತೆ ಕಣವ್ವಾ, ಅವ್ರಣ್ಣ ಈಗ್ತಾನೆ ಕರ್ಕಂಬಂದ" ಎಂದಳು ಸೊಣ್ಣಮ್ಮ.

"ಆಕೀಗೆ ಅಣ್ಣ ಎಲ್ಲಿ ಅದಾನವ್ವಾ?"

ಆ ಕಡೆ ಮುದುಕಿ ನಕ್ಕಳು. "ಅಣ್ಣ ಅಂದ್ರೆ ಅವ್ರಪ್ಪ, ನನ್ ಮಗ ಭೀಮರಾಜ. ನಮ್ ಮನೇಲಿ ಅಪ್ಪನ್ನ ಅಣ್ಣ ಅಂತ್ಲೇ ಕಣವ್ವಾ ಕರೆಯೋದು."

ವಿಜಯಪುರದ ಕಡೆಯ ಈರವ್ವನಿಗೆ ಅಣ್ಣ ಎಂದರೆ ರೊಟ್ಟಿಗಾಗಿ ಜುಟ್ಟು ಹಿಡಿದು ಜಗಳವಾಡುವವನು. ಅಪ್ಪನನ್ನು ಹಾಗೆ ಕರೆಯುವವರೂ ಉಂಟೆಂದು ಯಾರಿಗೆ ಗೊತ್ತು? ಹೋದ ಜೀವ ಬಂದಂತಾಗಿ, ತನಗೆ ತಾನೇ ನಗುತ್ತ ಹಿಂದಿರುಗಿದಳು.

ಬೇಬಿ ಸಿಟ್ಟಿಂಗಿನ ಮನೆಯ ಮುಂದೆ ನೀರಿನ ಟ್ಯಾಂಕರು ರಿವರ್ಸ್ ಬರುತ್ತಿತ್ತು. ಅದರ ಹಿಂದೆ, ಗೇಟಿನಾಚೆ, ಒಳಗೆ ಆಡುತ್ತಿರಬೇಕಾದ ಎರಡು ವರ್ಷದ ಪೋರ ಒಬ್ಬನೇ ನಿಂತು ಟ್ಯಾಂಕರಿಗೆ ಟಾಟಾ ಮಾಡುತ್ತಿದ್ದ. ಈರವ್ವ ಹೇಗೆ ಹಾರಿದಳೋ ಅವಳಿಗೇ ತಿಳಿಯದು. ಮಗುವನ್ನು ಬಾಚಿಕೊಂಡು ಗೋಡೆಗೆ ಒರಗಿದಳು. ಮೆಟ್ಟಿಲು ಹತ್ತುತ್ತ ಹತ್ತುತ್ತ ಅವಳ ಸಿಟ್ಟೂ ಹತ್ತಿತು.

"ಬಾಗಿಲ ತೆಗದಿಟ್ಟು ಮೊಬೈಲ್ ನೋಡ್ಕೋತ ಕುಂತೀಯಲ್ಲ, ಕೂಸು ಟ್ಯಾಂಕರ್ ಕೆಳಗ ಹೋಗಿದ್ರ ಏನ್ ಗತಿ?"

"ಬಾಗ್ಲು ತೆಗೆದು ಓಡಿದ್ದು ನೀವಲ್ವಾ ಅಕ್ಕ?" ಎಂದಳು ರಕ್ಷಾ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

ನಿಜವೇ, ಬಾಗಿಲು ಎಳೆದುಕೊಳ್ಳದೆ ಓಡಿದವಳು ಈರವ್ವನೇ. ಇಷ್ಟು ವರ್ಷ ಮಕ್ಕಳನ್ನು ನೋಡಿಕೊಂಡವಳು ಒಂದು ದಿನವೂ ಹೀಗೆ ಮಾಡಿದವಳಲ್ಲ. ನಾಚಿಕೆಗಿಂತ ಮೊದಲು ಭಯವೇ ಆಯಿತು, ಮೇಡಂ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ರಕ್ಷಾ ಎದ್ದು ಹೋಗಿ, ಯಾರೂ ಹೇಳದೆಯೇ, ಬಾಗಿಲಿಗೆ ಚಿಲಕ ಹಾಕಿ ಬಂದು ಕೂತಳು.

"ಮೇಡಂಗ ಹೇಳ್ತಿಯೇನು?" ಈರವ್ವ ಮೆಲ್ಲಗೆ ಕೇಳಿದಳು.

ರಕ್ಷಾ ಆಕಳಿಸಿದಳು. "ನೀವು ಸಂಜೆ ನನ್ ಬಗ್ಗೆ ಏನ್ ಹೇಳ್ತೀರೋ, ಕೇಳ್ಕೊಂಡು ಹೇಳ್ತೀನಿ."